‘ಸಬ್‌ಲೂನರಿ’ ಪದದಲ್ಲಿ ಚಂದ್ರ ಇದ್ದಾನೆ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ಇಂಗ್ಲಿಷ್ ಪದಪರಿಚಯದಲ್ಲಿ ಈಚೆಗೆ ‘ಸಬ್‌ಲೂನರಿ’ ಎಂಬ ಪದ ಬಂದಿತ್ತು. ಇಂಥ ಅಪರೂಪದ ಪದವನ್ನು ಆರಿಸಿದ್ದು ನೋಡಿ ಖುಷಿಯಾಯಿತು. ಆದರೆ ಅದರ ಮುಂದೆ ‘ಲೌಕಿಕ, ಭೂಮಿಗೆ ಸೇರಿದ’ ಎಂದಷ್ಟೇ ಬರೆದು ಮುಗಿಸಿದ್ದೀರಿ. ಅರ್ಥ ತಪ್ಪೇನಲ್ಲ. ಆದರೆ ಪದದೊಳಗಿನ ಚಂದ್ರನೇ ಬಿಟ್ಟುಹೋಗಿದ್ದಾನೆ. ಅವನಿಲ್ಲದೆ ಇದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಅಂತ ಮಕ್ಕಳಿಗೆ ಹೇಗೆ ತಿಳಿಯಬೇಕು?

ಲ್ಯಾಟಿನ್‌ನಲ್ಲಿ ‘ಸಬ್’ ಅಂದರೆ ಕೆಳಗೆ, ‘ಲೂನಾ’ ಅಂದರೆ ಚಂದ್ರ. ಚಂದ್ರನ ಕೆಳಗಿರುವುದೆಲ್ಲ ಸಬ್‌ಲೂನರಿ. ಇದು ಸುಮ್ನೆ ಚೆಂದಕ್ಕೆ ಹೇಳಿದ ಮಾತಲ್ಲ. ಯುರೋಪಿನ ಪಂಡಿತರು ಶತಮಾನಗಟ್ಟಲೆ ನಿಜವೆಂದೇ ನಂಬಿದ್ದ ಗಡಿ ಅದು. ಅರಿಸ್ಟಾಟಲ್ ಪ್ರಕಾರ ಚಂದ್ರನ ಕೆಳಗೆ ಮಣ್ಣು, ನೀರು, ಗಾಳಿ, ಬೆಂಕಿ ಇವೆ. ಇವು ಕೂಡುತ್ತವೆ, ಒಡೆಯುತ್ತವೆ. ಆದ್ದರಿಂದಲೇ ಇಲ್ಲಿ ಹುಟ್ಟು, ಸಾವು, ಕೊಳೆಯುವುದು ಎಲ್ಲ. ಚಂದ್ರನಿಂದ ಮೇಲಕ್ಕೆ ಇರುವುದು ಐದನೆಯ ವಸ್ತು, ಈಥರ್. ಅದಕ್ಕೆ ಸವೆತವಿಲ್ಲ, ಬದಲಾವಣೆಯಿಲ್ಲ. ಸುತ್ತುವುದೊಂದೇ ಅದರ ಕೆಲಸ. ಹಾಗಾದರೆ ಬಂದು ಮಾಯವಾಗುವ ಧೂಮಕೇತು? ಅದು ಮೇಲಿನದಾಗಿರಲು ಸಾಧ್ಯವೇ ಇಲ್ಲ ಎಂದು ಅವನು ಅದನ್ನು ಮಳೆ, ಆಲಿಕಲ್ಲು, ಸಿಡಿಲುಗಳ ಸಾಲಿಗೇ ಸೇರಿಸಿಬಿಟ್ಟ. ಆಕಾಶಗಂಗೆಯನ್ನೂ ಬಿಡಲಿಲ್ಲ.

ಈ ಗಡಿಗೆ ದೊಡ್ಡ ಪೆಟ್ಟು ಬಿದ್ದದ್ದು 1572ರ ನವೆಂಬರ್‌ನಲ್ಲಿ. ಕ್ಯಾಸಿಯೋಪಿಯಾ ನಕ್ಷತ್ರಪುಂಜದಲ್ಲಿ ಹೊಸದೊಂದು ನಕ್ಷತ್ರ ಕಂಡಿತು. ಶುಕ್ರನಷ್ಟು ಪ್ರಕಾಶ. ಹಗಲಲ್ಲೂ ಕಾಣುತ್ತಿತ್ತು. ಡೆನ್ಮಾರ್ಕಿನ ಟೈಕೊ ಬ್ರಾಹೆ ಅಕ್ಕಪಕ್ಕದ ನಕ್ಷತ್ರಗಳಿಂದ ಅದು ಎಷ್ಟು ದೂರದಲ್ಲಿ ಕಾಣುತ್ತದೆ ಎಂದು ಮತ್ತೆ ಮತ್ತೆ ಅಳೆದ. ಚಂದ್ರನಷ್ಟು ಹತ್ತಿರವಿದ್ದರೆ ಅದರ ಜಾಗ ಸ್ವಲ್ಪವಾದರೂ ಸರಿಯಬೇಕಿತ್ತು. ಒಂದಿಷ್ಟೂ ಸರಿಯಲಿಲ್ಲ. ಅಂದರೆ ಚಂದ್ರನ ಮೇಲೂ ಹೊಸದು ಹುಟ್ಟುತ್ತದೆ. 1574ರ ಹೊತ್ತಿಗೆ ಮಂಕಾಗಿ ಮರೆಯೂ ಆಯಿತು. 1577ರ ಧೂಮಕೇತುವೂ ಚಂದ್ರನಿಂದ ಆಚೆಗಿನದೇ ಎಂದು ಅವನು ತೋರಿಸಿದ. 1610ರಲ್ಲಿ ಗೆಲಿಲಿಯೊ ಚಂದ್ರನಲ್ಲೇ ಬೆಟ್ಟ ಕಣಿವೆಗಳಿವೆ ಎಂದ. 1687ರಲ್ಲಿ ನ್ಯೂಟನ್ ಬೀಳುವ ಹಣ್ಣಿಗೂ ತಿರುಗುವ ಚಂದ್ರನಿಗೂ ಒಂದೇ ನಿಯಮ ಎಂದ ಮೇಲೆ ಗಡಿ ಅಳಿಸಿಯೇ ಹೋಯಿತು. ಪದ ಮಾತ್ರ ಉಳಿಯಿತು.

ಉಳಿಸಿದವರಲ್ಲಿ ಕವಿ ಜಾನ್ ಡನ್ ಮುಖ್ಯ. ಅವನು ಹುಟ್ಟಿದ್ದೂ 1572ರಲ್ಲೇ. ಅವನ ಒಂದು ಪದ್ಯದಲ್ಲಿ, ದೂರ ಹೊರಟವನು ಪ್ರೀತಿಸಿದವಳಿಗೆ ‘ಅಳಬೇಡ’ ಎನ್ನುತ್ತಾನೆ. ಭೂಮಿ ನಡುಗಿದರೆ ಜನ ಹೆದರುತ್ತಾರೆ, ಮೇಲಿನ ಗೋಳಗಳ ನಡುಕ ಅದಕ್ಕಿಂತ ದೊಡ್ಡದಾದರೂ ಯಾರಿಗೂ ಕೇಡಿಲ್ಲ ಎಂದು ಮೊದಲು ಹೇಳುತ್ತಾನೆ. ಆಮೇಲೆ ಬರುತ್ತಾರೆ ‘ಸಬ್‌ಲೂನರಿ’ ಪ್ರೇಮಿಗಳು, ಕಣ್ಣೆದುರು ಇಲ್ಲದಿದ್ದರೆ ಪ್ರೀತಿ ಉಳಿಯದವರು. ನಮ್ಮದು ಆ ಗಡಿಯ ಮೇಲಿನದು ಎನ್ನುವುದು ಅವನ ವಾದ. ಇಲ್ಲಿ ‘ಲೌಕಿಕ ಪ್ರೇಮಿಗಳು’ ಎಂದು ಬರೆದುಕೊಂಡ ವಿದ್ಯಾರ್ಥಿಗೆ ಪದ್ಯದ ಅರ್ಧ ಸಿಕ್ಕುವುದೇ ಇಲ್ಲ, ಅಲ್ವಾ?

ನಮ್ಮ ‘ಲೌಕಿಕ’ದ ತೂಕವೇ ಬೇರೆ. ತನ್ನ ಭಾರತದಲ್ಲಿ ಲೌಕಿಕವನ್ನೂ ಆದಿಪುರಾಣದಲ್ಲಿ ಜಿನಾಗಮವನ್ನೂ ಬೆಳಗುತ್ತೇನೆ ಎಂದ ಪಂಪ. ಅಲ್ಲಿ ಲೌಕಿಕ ಅನ್ನುವುದು ಕೀಳಲ್ಲ, ಕೊಳೆಯುವಂಥದ್ದೂ ಅಲ್ಲ.

ಬಳಕೆಯ ವಿಷಯಕ್ಕೆ ಬಂದರೆ, ನೆಲದ ಪ್ರಾಣಿಗಳಿಗೆ ಇಂಗ್ಲಿಷಿನಲ್ಲಿ ‘ಟೆರೆಸ್ಟ್ರಿಯಲ್’ ಇದೆ. ದಿನನಿತ್ಯದ ಸಪ್ಪೆ ಕೆಲಸಕ್ಕೆ ‘ಮಂಡೇನ್’ ಇದೆ. ‘ಸಬ್‌ಲೂನರಿ’ ಬೇಕಾಗುವುದು ಅಳಿಯುವ ವಸ್ತುವನ್ನು ಅಳಿಯದ್ದರ ಪಕ್ಕಕ್ಕಿಟ್ಟು ಮಾತಾಡುವಾಗ. ಮನುಷ್ಯನ ಕೀರ್ತಿ, ಸಿರಿ, ಆಸೆಗಳ ಜೊತೆ ಚೆನ್ನಾಗಿ ಕೂರುತ್ತದೆ. ಆನೆ, ಕತ್ತೆಗಳ ಜೊತೆ ಕೂರುವುದಿಲ್ಲ. ಖಗೋಳದವರು ‘ಸಬ್‌ಲೂನರ್ ಪಾಯಿಂಟ್’ ಎನ್ನುವುದೂ ಬೇರೆಯೇ. ಚಂದ್ರ ನೆತ್ತಿಯ ನೇರಕ್ಕೆ ಬರುವ ಭೂಮಿಯ ಮೇಲಿನ ಜಾಗ ಅದು.

ನಿಮಗೆ ಜಾಗದ ತೊಂದರೆ ಇರುತ್ತದೆ, ಗೊತ್ತು. ‘ಚಂದ್ರನ ಕೆಳಗಿನ, ಆದ್ದರಿಂದ ಬದಲಾಗುವ, ಅಳಿಯುವ’ ಎಂದು ಒಂದು ಸಾಲು ಹಾಕಿದ್ದರೂ ಸಾಕಿತ್ತು. ಮುಂದಿನ ವಾರಗಳಲ್ಲಿ ‘ಡಿಸಾಸ್ಟರ್’ ಮತ್ತು ‘ಲುನಾಟಿಕ್’ ಪದಗಳನ್ನೂ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಕೆಟ್ಟ ನಕ್ಷತ್ರವಿದೆ, ಎರಡನೆಯದರಲ್ಲಿ ಮತ್ತೆ ಇದೇ ಚಂದ್ರ.

ಇತಿ,
ನಿಮ್ಮ ಓದುಗ, ಮೈಸೂರು