ಪತ್ರ ಸಿಕ್ಕಿದ್ದರೆ ಕೊಡಿ, ಕಳೆದಿದ್ದರೆ ಕಳೆದಿದೆ ಎಂದು ಬರೆದುಕೊಡಿ

ಬೆಂಗಳೂರು
ಜೂನ್ 2, 2025

ಇವರಿಗೆ,
ಪ್ರಧಾನ ನೋಡಲ್ ಅಧಿಕಾರಿಗಳು,
ಗ್ರಾಹಕರ ದೂರು ವಿಭಾಗ (ಗೃಹಸಾಲ)

ವಿಷಯ: ಸಾಲ ಪೂರ್ತಿ ತೀರಿದ ಮೇಲೂ ಫ್ಲ್ಯಾಟಿನ ಮೂಲ ಪತ್ರಗಳನ್ನು ಹಿಂದಿರುಗಿಸದೆ, ನಮ್ಮ ಮನೆ ಮಾರಾಟ ಮತ್ತು ಹೊಸ ಮನೆ ಖರೀದಿ ಎರಡೂ ನಿಂತುಹೋಗಿರುವ ಬಗ್ಗೆ ದೂರು

ಮಾನ್ಯರೇ,

ವಿಜಯನಗರದ ನಮ್ಮ ಫ್ಲ್ಯಾಟಿನ ಮೇಲೆ ನಾನೂ ನನ್ನ ಹೆಂಡತಿಯೂ ಜಂಟಿಯಾಗಿ ನಿಮ್ಮ ಬ್ಯಾಂಕಿನಲ್ಲಿ ಮಾಡಿದ್ದ ಗೃಹಸಾಲವನ್ನು ಏಪ್ರಿಲ್ 7ರಂದು ಬಡ್ಡಿ ಸಮೇತ ಕಟ್ಟಿ ಮುಗಿಸಿದ್ದೇವೆ. ಬಾಕಿ ಏನೂ ಇಲ್ಲ ಎಂದು ನೀವೇ ಕೊಟ್ಟ ಪತ್ರ ಇದರ ಜೊತೆಗಿದೆ. ಆದರೆ ಒರಿಜಿನಲ್ ಪತ್ರಗಳು ಇವತ್ತಿನವರೆಗೂ ನಮ್ಮ ಕೈ ಸೇರಿಲ್ಲ. ಯಾಕೆ ಸೇರಿಲ್ಲ ಎಂದು ನಿಮ್ಮಲ್ಲಿ ಯಾರೂ ಒಂದು ಸಾಲು ಬರೆದು ತಿಳಿಸಿಲ್ಲ.

ಒಬ್ಬ ಗ್ರಾಹಕನ ಫೈಲ್ ತಡವಾಗಿದೆ, ಅಷ್ಟೇ ಎಂದು ಇದನ್ನು ಓದಬೇಡಿ ಎಂದು ಕೇಳಿಕೊಳ್ಳುತ್ತೇನೆ. ಆ ಲಕೋಟೆಯನ್ನು ಕಾಯುತ್ತಾ ಮೂರು ಸಂಸಾರಗಳು ನಿಂತಿವೆ. ನಮ್ಮ ಫ್ಲ್ಯಾಟ್ ಕೊಳ್ಳುತ್ತಿರುವ ದಂಪತಿ ಬಾಡಿಗೆ ಮನೆಯಲ್ಲಿದ್ದಾರೆ. ರಿಜಿಸ್ಟ್ರೇಷನ್ ಆಗಿಯೇ ಆಗುತ್ತದೆಂದು ನಂಬಿ ಮಾಲೀಕರಿಗೆ ಮನೆ ಬಿಡುವ ನೋಟಿಸ್ ಕೊಟ್ಟುಬಿಟ್ಟಿದ್ದಾರೆ. ನಾವು ಮೈಸೂರಿನ ಕುವೆಂಪುನಗರದಲ್ಲಿ ಒಂದು ಹಳೆಯ ಮನೆಗೆ ಅಗ್ರಿಮೆಂಟ್ ಮಾಡಿಕೊಂಡಿದ್ದೇವೆ. ಅದನ್ನು ಮಾರುತ್ತಿರುವ ನಿವೃತ್ತ ದಂಪತಿ ನಮ್ಮಿಂದ ಬರುವ ಹಣದಲ್ಲೇ ಹುಬ್ಬಳ್ಳಿಯಲ್ಲಿ ಮಗಳ ಮನೆಯ ಹತ್ತಿರ ಒಂದು ಫ್ಲ್ಯಾಟ್ ನೋಡಿಕೊಂಡಿದ್ದಾರೆ. ನಮ್ಮದು ರಿಜಿಸ್ಟರ್ ಆದರೆ ಅವರದು, ಅವರದಾದರೆ ಮುಂದಿನದು. ಎಲ್ಲವೂ ನಿಂತಿರುವುದು ನಿಮ್ಮಲ್ಲಿ.

ಅಗ್ರಿಮೆಂಟ್ ಎಂದರೆ ಏನೆಂದು ಗೃಹಸಾಲ ವಿಭಾಗದವರಿಗೆ ನಾನು ಹೇಳಬೇಕಾಗಿಲ್ಲ. ಫ್ಲ್ಯಾಟ್ ಕೊಳ್ಳುವವರಿಂದ ನಾವು 8 ಲಕ್ಷ ರೂಪಾಯಿ ಅಡ್ವಾನ್ಸ್ ತೆಗೆದುಕೊಂಡಿದ್ದೇವೆ. ಒಪ್ಪಿದ ಅವಧಿಯೊಳಗೆ ನಾವು ಕ್ರಯಪತ್ರ ಮಾಡಿಕೊಡದಿದ್ದರೆ ಅದರ ಎರಡರಷ್ಟು ಹಿಂದಿರುಗಿಸಬೇಕೆಂಬ ಷರತ್ತು ಅದರಲ್ಲಿದೆ. ಮೈಸೂರಿನ ಮನೆಗೆ ನಾವು 10 ಲಕ್ಷ ಕೊಟ್ಟಿದ್ದೇವೆ. ಜೂನ್ 20ರೊಳಗೆ ಉಳಿದ ಹಣ ಕೊಡದಿದ್ದರೆ ಆ 10 ಲಕ್ಷ ನಮ್ಮದಲ್ಲ. ಒಂದೇ ತಡಕ್ಕೆ ಎರಡೂ ಕಡೆ ತೆರಬೇಕಾದವರು ನಾವು. ಮನೆ ಮಾರುತ್ತಾ ಮನೆ ಕೊಳ್ಳುವವರ ಪಾಡೇ ಇದು: ಒಂದು ಕಡೆ ಮಾರುವವರು, ಇನ್ನೊಂದು ಕಡೆ ಕೊಳ್ಳುವವರು, ಎರಡು ಕರಾರಿಗೂ ನಮ್ಮ ಸಹಿ. ಈ ತಿಂಗಳ 26ಕ್ಕೆ ಆಷಾಢ ಹಿಡಿಯುತ್ತದೆ. ಆ ತಿಂಗಳಲ್ಲಿ ಕ್ರಯಪತ್ರ ಮಾಡಿಕೊಡಲು ಮೈಸೂರಿನ ಹಿರಿಯರು ಒಪ್ಪುವುದಿಲ್ಲ. ಅವರ ನಂಬಿಕೆಯನ್ನು ಪ್ರಶ್ನಿಸುವ ಹಕ್ಕು ನನಗಿಲ್ಲ, ನಿಮಗೂ ಇಲ್ಲ.

ಸಾಲವನ್ನು ಮುಂಚಿತವಾಗಿ ನಾವೇ ತೀರಿಸಿದ್ದು ಯಾಕೆ ಎಂಬುದನ್ನೂ ದಾಖಲಿಸುತ್ತೇನೆ. ಕೊಳ್ಳುವವರ ಬ್ಯಾಂಕು ನಮ್ಮ ಬಾಕಿಯನ್ನು ನೇರವಾಗಿ ನಿಮಗೇ ಕಟ್ಟಿ ಪತ್ರಗಳನ್ನು ಪಡೆಯಲು ಸಿದ್ಧವಿತ್ತು. ಎರಡು ಬ್ಯಾಂಕುಗಳ ನಡುವೆ ಓಡಾಡಿದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ನೀವೇ ಕ್ಲೋಸ್ ಮಾಡಿದರೆ 15 ಕೆಲಸದ ದಿನಗಳಲ್ಲಿ ಪತ್ರ ಕೈಯಲ್ಲಿರುತ್ತದೆ ಎಂದು ಹೇಳಿದವರು ನಿಮ್ಮ ಶಾಖೆಯವರೇ. ಆ ಮಾತಿನ ಮೇಲೆ ನಾನು ಪಿಎಫ್‌ನಿಂದ ಹಣ ತೆಗೆದೆ. ನನ್ನ ಹೆಂಡತಿ ಮದುವೆಯ ಒಡವೆಗಳನ್ನು ಅಡವಿಟ್ಟಳು. ಕೊಳ್ಳುವವರ ಅಡ್ವಾನ್ಸನ್ನೂ ಅದಕ್ಕೇ ಹಾಕಿದೆವು. ಇಂದು ನಿಮ್ಮ ಸಾಲದ ಬಡ್ಡಿ ನಿಂತಿದೆ, ಒಡವೆಯ ಬಡ್ಡಿ ಓಡುತ್ತಿದೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಫೆಬ್ರವರಿಯಲ್ಲಿ ನಾವು ಕೇಳಿದಾಗ, ನಿಮ್ಮ ವಶದಲ್ಲಿರುವ ದಾಖಲೆಗಳ ಪಟ್ಟಿಯನ್ನು ಬ್ಯಾಂಕಿನ ಲೆಟರ್‌ಹೆಡ್ ಮೇಲೆ, ಸೀಲು ಸಹಿ ಹಾಕಿ ಕೊಟ್ಟಿರಿ. ನಮ್ಮ ಹೆಸರಿನ ಕ್ರಯಪತ್ರ, ಬಿಲ್ಡರ್‌ನಿಂದ ಮೊದಲ ಮಾಲೀಕರಿಗೆ ಆದ ಹಿಂದಿನ ಕ್ರಯಪತ್ರ, ಖಾತಾ ಪ್ರಮಾಣಪತ್ರ, ಸ್ವಾಧೀನ ಪತ್ರ, ಹಳೆಯ ತೆರಿಗೆ ರಸೀದಿಗಳು, ಎಲ್ಲವೂ ಮೂಲ ಪ್ರತಿ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಕೊಳ್ಳುವವರ ವಕೀಲರು ಆ ಪಟ್ಟಿಯನ್ನು ನೋಡಿ ಅಭಿಪ್ರಾಯ ಬರೆದರು, ಅವರ ಬ್ಯಾಂಕು ಅದನ್ನೇ ನೋಡಿ ಸಾಲ ಮಂಜೂರು ಮಾಡಿತು, ಅವರು ಅದನ್ನೇ ನಂಬಿ ಅಡ್ವಾನ್ಸ್ ಕೊಟ್ಟರು. ನಿಮ್ಮ ಆ ಒಂದು ಹಾಳೆಯ ಮೇಲೆ ಇಷ್ಟೆಲ್ಲ ನಿಂತಿದೆ.

ಸಾಲ ತೀರಿದ ಮೇಲೆ ಶಾಖೆಯಲ್ಲಿ ಕೇಳಿದರೆ ಪತ್ರಗಳು ಬೇರೆ ರಾಜ್ಯದಲ್ಲಿರುವ ದಾಖಲೆ ಕೇಂದ್ರದಲ್ಲಿವೆ ಎಂದರು. ಸಹಾಯವಾಣಿಗೆ ಫೋನ್ ಮಾಡಿದರೆ ಶಾಖೆಯನ್ನು ಕೇಳಿ ಎಂದರು. ಆ್ಯಪ್‌ನಲ್ಲಿ ಹಾಕಿದ ದೂರಿಗೆ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಎಂಬ ಸಂದೇಶ ಬಂದು ದೂರು ತಾನಾಗಿ ಮುಚ್ಚಿಕೊಂಡಿತು. ಮೇ ಮೂರನೆಯ ವಾರ ಲಕೋಟೆ ಪ್ರಾದೇಶಿಕ ಕಚೇರಿಗೆ ಬಂದಿದೆ ಎಂದು ಕರೆ ಬಂತು. ಇಬ್ಬರೂ ಸಾಲಗಾರರು ಖುದ್ದಾಗಿ ಬರಬೇಕೆಂದರು. ನನ್ನ ಹೆಂಡತಿ ರಜೆ ಹಾಕಿ ಬಂದಳು. ಕಾಯಿಸಿ ಕಾಯಿಸಿ ಮಧ್ಯಾಹ್ನದ ಮೇಲೆ ಅಧಿಕಾರಿಯೊಬ್ಬರು ಬಂದು, ಪಟ್ಟಿಗೂ ಲಕೋಟೆಯಲ್ಲಿರುವುದಕ್ಕೂ ತಾಳೆಯಾಗುತ್ತಿಲ್ಲ, ಹಿಂದಿನ ಕ್ರಯಪತ್ರ ಕಾಣಿಸುತ್ತಿಲ್ಲ, ಹುಡುಕಿಸುತ್ತೇವೆ, ಅಲ್ಲಿಯವರೆಗೆ ಉಳಿದದ್ದನ್ನೂ ಕೊಡಲು ಬರುವುದಿಲ್ಲ ಎಂದರು.

ಹುಡುಕಿಸುತ್ತೇವೆ. ಅಂದಿನಿಂದ ಇಂದಿನವರೆಗೆ ಇದೊಂದೇ ಉತ್ತರ.

ಈ ಉತ್ತರ ನಮ್ಮನ್ನು ಎಲ್ಲಿ ಸಿಕ್ಕಿಸಿದೆ ಎಂಬುದನ್ನು ದಯವಿಟ್ಟು ಗಮನವಿಟ್ಟು ಓದಿ. ಪತ್ರ ಸಿಕ್ಕಿದ್ದರೆ ನಾಳೆಯೇ ನಾವು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತೇವೆ. ಕಳೆದುಹೋಗಿದ್ದರೆ ಅದಕ್ಕೂ ದಾರಿ ಇದೆ. ಪೊಲೀಸರಿಗೆ ದೂರು ಕೊಡಬಹುದು, ಪತ್ರಿಕೆಯಲ್ಲಿ ಪ್ರಕಟಣೆ ಹಾಕಬಹುದು, ನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಪಡೆಯಬಹುದು. ಬ್ಯಾಂಕಿನ ವಶದಲ್ಲಿದ್ದಾಗ ಕಳೆದಿದೆ ಎಂದು ಬ್ಯಾಂಕೇ ಬರೆದುಕೊಟ್ಟರೆ, ದೃಢೀಕೃತ ನಕಲಿನ ಮೇಲೆ ಮುಂದುವರಿಯುತ್ತೇವೆ ಎಂದು ಕೊಳ್ಳುವವರ ಬ್ಯಾಂಕು ಹೇಳಿದೆ. ಆದರೆ ‘ಹುಡುಕುತ್ತಿದ್ದೇವೆ’ ಎಂಬ ಬಾಯಿಮಾತನ್ನು ಹಿಡಿದುಕೊಂಡು ನಾವು ಯಾವ ಠಾಣೆಗೆ ಹೋಗುವುದು? ಇರುವ ಪತ್ರವನ್ನು ಕಳೆದಿದೆ ಎಂದು ನಾನು ಪ್ರಮಾಣ ಮಾಡುವಂತಿಲ್ಲ. ಇಲ್ಲದ ಪತ್ರವನ್ನು ಇದೆ ಎಂದು ಕೊಳ್ಳುವವರಿಗೆ ಹೇಳುವಂತೆಯೂ ಇಲ್ಲ. ಆ ಒಂದು ಸತ್ಯವನ್ನು ಹೇಳಬಲ್ಲವರು ನೀವೊಬ್ಬರೇ, ನೀವು ಹೇಳುತ್ತಿಲ್ಲ. ಪತ್ರ ಕಾಣೆಯಾದದ್ದಕ್ಕಿಂತ ಈ ಮೌನ ನಮಗೆ ಹೆಚ್ಚು ಹಾನಿ ಮಾಡಿದೆ.

ನಿಯಮ ಏನು ಹೇಳುತ್ತದೆ ಎಂಬುದು ನಿಮಗೆ ಗೊತ್ತು. ಆದರೂ ಬರೆಯುತ್ತೇನೆ, ಏಕೆಂದರೆ ನಿಮ್ಮ ಶಾಖೆಯಲ್ಲಿ ಅದನ್ನು ಎತ್ತಿದಾಗ ‘ಅದೆಲ್ಲ ಲೀಗಲ್‌ನವರು ನೋಡುತ್ತಾರೆ’ ಎಂದರು. ಭಾರತೀಯ ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ ಸುತ್ತೋಲೆ, ಆ ವರ್ಷದ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಎಲ್ಲ ಮೂಲ ದಾಖಲೆಗಳನ್ನೂ ಹಿಂದಿರುಗಿಸಬೇಕು, ಆಸ್ತಿಯ ಮೇಲೆ ನೋಂದಾಯಿಸಿದ ಹೊರೆಯನ್ನೂ ತೆಗೆಸಬೇಕು. ತಡವಾದರೆ ಕಾರಣವನ್ನು ಸಾಲಗಾರನಿಗೆ ತಿಳಿಸಬೇಕು. ತಡ ಬ್ಯಾಂಕಿನಿಂದಾಗಿದ್ದರೆ ಪ್ರತಿ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ದಾಖಲೆ ಪೂರ್ತಿಯಾಗಲಿ ಭಾಗಶಃ ಆಗಲಿ ಕಳೆದುಹೋದರೆ, ನಕಲು ಪಡೆಯಲು ಬ್ಯಾಂಕೇ ನೆರವಾಗಿ ಖರ್ಚನ್ನೂ ಭರಿಸಬೇಕು. ಆಗ ಇನ್ನೂ 30 ದಿನ, ಒಟ್ಟು 60 ದಿನದ ಅವಕಾಶ ನಿಮಗಿದೆ. ಅಂದರೆ ಕಳೆದಿದೆ ಎಂದು ಒಪ್ಪಿಕೊಂಡವರಿಗೆ ನಿಯಮವೇ ಹೆಚ್ಚು ಸಮಯ ಕೊಟ್ಟಿದೆ. ನಮ್ಮ 30 ದಿನ ಮೇ 7ಕ್ಕೇ ಮುಗಿದಿದೆ. 60ನೆಯ ದಿನ ಜೂನ್ 6. ನಿಮ್ಮಿಂದ ಕಾರಣವೂ ಬಂದಿಲ್ಲ, ನೆರವೂ ಬಂದಿಲ್ಲ.

ಹೊರೆಯ ವಿಷಯದಲ್ಲೂ ಅದೇ ಕಥೆ. ಕಳೆದ ವಾರ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆದು ನೋಡಿದರೆ, ಸಾಲದ ಭದ್ರತೆಗೆಂದು ನಿಮ್ಮ ಹೆಸರಿನಲ್ಲಿ ಹಕ್ಕುಪತ್ರ ಠೇವಣಿ ಇಟ್ಟ ನಮೂದು ಹಾಗೆಯೇ ಕುಳಿತಿದೆ. ಅದನ್ನು ರದ್ದು ಮಾಡಿಸುವ ಪತ್ರಕ್ಕೆ ನಿಮ್ಮ ಅಧಿಕೃತ ಅಧಿಕಾರಿಯ ಸಹಿ ಬೇಕು. ಇದಕ್ಕೆ ಯಾವ ಲಕೋಟೆಯನ್ನೂ ಹುಡುಕಬೇಕಾಗಿಲ್ಲ. ಏಪ್ರಿಲ್‌ನಲ್ಲೇ ಆಗಬಹುದಿತ್ತು.

ನಿಮ್ಮ ಅಧಿಕಾರಿಯೊಬ್ಬರು ಸಮಾಧಾನ ಹೇಳಲೆಂದು, ಹಳೆ ಮನೆ ಮಾರಿ ಹೊಸದು ಕೊಳ್ಳಲು ಆದಾಯ ತೆರಿಗೆಯವರೇ ಎರಡು ವರ್ಷ ಕೊಡುತ್ತಾರಲ್ಲ, ಅವಸರವೇಕೆ ಎಂದರು. ಆ ಎರಡು ವರ್ಷ ಮಾರಾಟದ ಲಾಭದ ಮೇಲಿನ ತೆರಿಗೆಯ ಲೆಕ್ಕಕ್ಕೆ. ಕುವೆಂಪುನಗರದ ಮನೆ ನಮಗಾಗಿ ಎರಡು ವರ್ಷ ಕಾಯುವುದಿಲ್ಲ. ಈ ಮಾತು ನನಗೆ ಬಹಳ ನೋವು ತಂದಿತು.

ಅವಸರ ಯಾಕೆಂದು ಹೇಳುತ್ತೇನೆ. ನಮ್ಮ ಫ್ಲ್ಯಾಟ್ ಎರಡನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ನನ್ನ ತಾಯಿಗೆ ಮೊಣಕಾಲು ನೋವು ಹೆಚ್ಚಾಗಿ, ಆಸ್ಪತ್ರೆಗೆ ಬಿಟ್ಟರೆ ಅವರು ಕೆಳಗಿಳಿಯುವುದೇ ಇಲ್ಲ. ಮೈಸೂರಿನ ಮನೆ ನೆಲಮಟ್ಟದ್ದು, ಮುಂದೆ ಒಂದಿಷ್ಟು ಅಂಗಳವಿದೆ. ಅದನ್ನು ನೋಡಿಬಂದ ದಿನ ಅವರು ಅಲ್ಲಿ ಯಾವ ಯಾವ ಹೂವಿನ ಗಿಡ ಹಾಕಬೇಕೆಂದು ರಾತ್ರಿಯವರೆಗೂ ಮಾತಾಡಿದರು. ಈಗ ಆ ಮನೆಯ ಮಾತೆತ್ತುವುದನ್ನೇ ಬಿಟ್ಟಿದ್ದಾರೆ, ಕೇಳಿದರೆ ನಮಗೆ ಸಂಕಟವಾದೀತು ಎಂದು. ಶಾಲೆ ಶುರುವಾಗಿದೆ. ಮಗಳನ್ನು ಮೈಸೂರಿನಲ್ಲಿ ಸೇರಿಸಿದ್ದೇವೆ, ಅವಳು ನನ್ನ ತಂಗಿಯ ಮನೆಯಲ್ಲಿದ್ದಾಳೆ, ನಾವು ಇಲ್ಲಿದ್ದೇವೆ. ಅರ್ಧ ಕಟ್ಟಿದ ಡಬ್ಬಗಳ ನಡುವೆ ಊಟ, ನಿದ್ದೆ. ಬೇಕಾದ ಪಾತ್ರೆ ಯಾವ ಡಬ್ಬದಲ್ಲಿದೆಯೋ ಗೊತ್ತಿಲ್ಲ, ಬಿಚ್ಚಲು ಮನಸ್ಸಿಲ್ಲ. ನಾನೂ ಹೆಂಡತಿಯೂ ಮಾತಾಡಿಕೊಳ್ಳುವುದೆಲ್ಲ ಬರೀ ತಾರೀಖು, ಬಡ್ಡಿ, ಯಾರಿಗೆ ಫೋನ್ ಮಾಡಬೇಕು ಎಂಬುದೇ. ಕೊಳ್ಳುವ ಹುಡುಗ ದಿನವೂ ರಾತ್ರಿ ಫೋನ್ ಮಾಡುತ್ತಾನೆ. ಒಮ್ಮೆಯೂ ದನಿ ಏರಿಸಿಲ್ಲ. ‘ಏನಾದರೂ ತಿಳಿಯಿತಾ ಸರ್’ ಎಂದಷ್ಟೇ ಕೇಳುತ್ತಾನೆ. ಅವನಿಗೆ ಕೊಡಲು ನನ್ನ ಬಳಿ ಉತ್ತರವಿಲ್ಲ, ಏಕೆಂದರೆ ನೀವು ನನಗೆ ಕೊಟ್ಟಿಲ್ಲ.

ಆದ್ದರಿಂದ ಜೂನ್ 6ರೊಳಗೆ ನನಗೆ ಲಿಖಿತ ಉತ್ತರ ಬೇಕು. ಹಿಂದಿನ ಕ್ರಯಪತ್ರ ಸಿಕ್ಕಿದ್ದರೆ ಎಲ್ಲ ಪತ್ರಗಳನ್ನೂ ಒಟ್ಟಿಗೆ ವಿಜಯನಗರ ಶಾಖೆಯಲ್ಲೇ ಕೊಡಿ. ಸಿಕ್ಕಿಲ್ಲವಾದರೆ, ನಿಮ್ಮ ವಶದಲ್ಲಿದ್ದಾಗ ಕಳೆದಿದೆ ಎಂದು ಲೆಟರ್‌ಹೆಡ್ ಮೇಲೆ ಬರೆದುಕೊಡಿ, ಉಳಿದ ಪತ್ರಗಳನ್ನು ಅಂದೇ ಹಸ್ತಾಂತರಿಸಿ, ದೃಢೀಕೃತ ನಕಲು ಮತ್ತು ಪ್ರಕಟಣೆಯ ಖರ್ಚನ್ನು ನೀವು ಭರಿಸಿ. ಹಕ್ಕುಪತ್ರ ಠೇವಣಿ ರದ್ದತಿಗೆ ಒಬ್ಬ ಅಧಿಕಾರಿಯನ್ನು ನೇಮಿಸಿ, ಅಡಮಾನಗಳನ್ನು ದಾಖಲಿಸುವ ಕೇಂದ್ರ ನೋಂದಣಿ ವ್ಯವಸ್ಥೆಯಾದ ಸರ್ಸಾಯ್‌ನಲ್ಲೂ ಹೊರೆ ತೆಗೆಸಿ. ತಡ ನಮ್ಮಿಂದಾದದ್ದಲ್ಲ ಎಂದು ವಿವರಿಸಿ ಕೊಳ್ಳುವವರ ಬ್ಯಾಂಕಿಗೂ ಮೈಸೂರಿನ ಮಾಲೀಕರಿಗೂ ತೋರಿಸಬಹುದಾದ ಒಂದು ಪತ್ರ ಕೊಡಿ. ಅವಧಿ ವಿಸ್ತರಿಸಿ ಎಂದು ಅವರನ್ನು ಕೇಳಿಕೊಳ್ಳಲು ನನಗಿರುವ ಆಸರೆ ಅದೊಂದೇ. ನಿಯಮದ ಪ್ರಕಾರ ಸಲ್ಲಬೇಕಾದ ಪರಿಹಾರವನ್ನು, ಯಾವ ದಿನದಿಂದ ಲೆಕ್ಕ ಹಾಕಿದ್ದೀರಿ ಎಂದು ತಿಳಿಸಿ, ನಮ್ಮ ಖಾತೆಗೆ ಜಮಾ ಮಾಡಿ.

ಇನ್ನೊಂದು ಕೋರಿಕೆ ನನಗಾಗಿ ಅಲ್ಲ. ಮನೆ ಮಾರುವ ಸಲುವಾಗಿ ಗ್ರಾಹಕ ದಾಖಲೆಗಳ ಪಟ್ಟಿ ಕೇಳಿದಾಗಲೇ ಲಕೋಟೆಯನ್ನು ತರಿಸಿ, ಬಿಚ್ಚಿ, ಪತ್ರ ನೋಡಿ ಪಟ್ಟಿ ಬರೆಯುವ ಪದ್ಧತಿ ಮಾಡಿ. ನಾನು ಅರ್ಜಿಯಲ್ಲಿ ‘ಫ್ಲ್ಯಾಟ್ ಮಾರಾಟಕ್ಕಾಗಿ’ ಎಂದು ಬರೆದಿದ್ದೆ. ಅಂದೇ ಲಕೋಟೆ ತೆರೆದಿದ್ದರೆ ಫೆಬ್ರವರಿಯಲ್ಲೇ ಗೊತ್ತಾಗುತ್ತಿತ್ತು, ಯಾರೂ ಅಡ್ವಾನ್ಸ್ ಕೊಡುತ್ತಿರಲಿಲ್ಲ, ಯಾರೂ ಮನೆ ಬಿಡುವ ನೋಟಿಸ್ ಕೊಡುತ್ತಿರಲಿಲ್ಲ.

ಈ ದೂರಿಗೆ 30 ದಿನದೊಳಗೆ ಸರಿಯಾದ ಉತ್ತರ ಬರದಿದ್ದರೆ, 2021ರ ಏಕೀಕೃತ ಒಂಬುಡ್ಸ್‌ಮನ್ ಯೋಜನೆಯಡಿ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ. ನಮ್ಮ ಅಡ್ವಾನ್ಸ್ ಮುಳುಗಿದರೆ ಆ ನಷ್ಟಕ್ಕಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಸಾಲ ತೀರಿದ ಪತ್ರ, ಫೆಬ್ರವರಿಯ ದಾಖಲೆ ಪಟ್ಟಿ, ಎರಡೂ ಅಗ್ರಿಮೆಂಟ್‌ಗಳ ಪ್ರತಿ, ಕಳೆದ ವಾರದ ಋಣಭಾರ ಪತ್ರ ಮತ್ತು ಮುಚ್ಚಿಹೋದ ದೂರಿನ ಸಂದೇಶವನ್ನು ಲಗತ್ತಿಸಿದ್ದೇನೆ.

ಇಂತಿ,
(ಸಹಿ)
ಜಂಟಿ ಸಾಲಗಾರರ ಪರವಾಗಿ