ಕೋಆಪರೇಟ್ ಮಾಡಲ್ಲ ಅಂದೆಯಲ್ಲ, ಅದಕ್ಕೆ

ಗೆಳೆಯಾ,

ಮೊನ್ನೆ ಫೋನಲ್ಲಿ ಹೊಸನಗರದ ಮಳೆಗೆ ಬೈದು ಮುಗಿಸಿದ ಮೇಲೆ, "ಒಳಪರೀಕ್ಷೆ ಅಂದ್ರೆ ಕೆಲವು ಹೆಂಗಸರು ಕಾಲೇ ಸಡಿಲ ಬಿಡಲ್ಲ, ಕೋಆಪರೇಟ್ ಮಾಡಲ್ಲ" ಅಂದೆ. ಅಷ್ಟರಲ್ಲಿ ನಿನ್ನ ಸಿಗ್ನಲ್ ಹೋಯ್ತು. ಉತ್ತರ ಇಲ್ಲಿ ಬರೀತಿದ್ದೀನಿ, ಬೇರೆ ಡಾಕ್ಟರುಗಳೂ ಓದ್ಲಿ.

ಹಾಗೆ ಮೈ ಬಿಗಿ ಹಿಡಿಯೋರಲ್ಲಿ ಕೆಲವರು ಮನೆಯಲ್ಲಿ ಪೆಟ್ಟು, ಬಲವಂತ ಅನುಭವಿಸಿ ಬಂದೋರು ಮಾರಾಯ. ಬಂದು ಹಾಗಂತ ಹೇಳಲ್ಲ. ಬಿಳಿಸೆರಗು, ಕಿಬ್ಬೊಟ್ಟೆ ನೋವು ಅಂತಾರೆ. ಅದೂ ಅತ್ತೆ ಜೊತೆ. ಕೇಳಿದ್ದಕ್ಕೆಲ್ಲ ಅತ್ತೆಯದೇ ಉತ್ತರ. ಮೊದಲು ಜೊತೆಗೆ ಬಂದವರನ್ನ ಆಚೆ ಕೂರಿಸು. "ಎಲ್ಲರಿಗೂ ಇದೇ ರೂಲ್ಸು" ಅಂದ್ರೆ ಜಗಳ ಇರಲ್ಲ. ನೀನು ಗಂಡಸು, ಒಳಗೆ ಸಿಸ್ಟರ್ ಇರಲೇಬೇಕು.

ಅವಳಿನ್ನೂ ಕುರ್ಚಿಯಲ್ಲಿ ಕೂತಿರುವಾಗಲೇ ಕೇಳು: "ಮನೇಲಿ ಯಾರ ಹೆದರಿಕೆ ಆದ್ರೂ ಇದೆಯಾ? ಇಷ್ಟ ಇಲ್ಲದಾಗ ಬಲವಂತ ಮಾಡ್ತಾರಾ?" ಇಲ್ಲ ಅಂದ್ರೆ ಕೆದಕಬೇಡ, ಮುಂದಿನ ಸಲ ಹೇಳಿಯಾಳು. ಒಳಗೆ ನೋಡೋಕೆ ಯೋನಿ ಅಗಲಿಸೋ ಸಲಕರಣೆ ಇದೆಯಲ್ಲ, ಸ್ಪೆಕ್ಯುಲಂ, ಅದನ್ನ ಬಿಸಿನೀರಲ್ಲಿ ಅದ್ದು. ನಮ್ಮ ಆಷಾಢದ ಥಂಡಿಗೆ ಆ ಸ್ಟೀಲು ಮುಟ್ಟಿದ್ರೆ ಯಾರಿಗಾದ್ರೂ ಮೈ ಜುಮ್ಮೆನ್ನುತ್ತೆ. "ನೀವು ಕೈ ಎತ್ತಿದ ತಕ್ಷಣ ನಿಲ್ಲಿಸ್ತೀನಿ" ಅನ್ನು. ಒಬ್ಬರು ನಾನು ಶುರು ಮಾಡೋ ಮುಂಚೆಯೇ ಕೈ ಎತ್ತಿದ್ರು. ಇಳಿಸದೆ ನನ್ನ ಮುಖಾನೇ ನೋಡ್ತಿದ್ರು, ನಿಜವಾಗ್ಲೂ ನಿಲ್ಲಿಸ್ತಾಳಾ ಅಂತ. ಗ್ಲೌಸ್ ಬಿಚ್ಚಿ ಬುಟ್ಟಿಗೆ ಹಾಕಿದೆ. ಸ್ವಾಬ್, ಅಂದ್ರೆ ಹತ್ತಿ ಸುತ್ತಿದ ಕಡ್ಡಿಯಲ್ಲಿ ಸ್ಯಾಂಪಲ್, ಹೇಗೆ ತೆಗೆಯೋದು ಅಂತ ಹೇಳಿಕೊಟ್ಟೆ, ಅವರೇ ತೆಗೆದುಕೊಟ್ರು. ಅವತ್ತಿಗೆ ಅಷ್ಟು ಸಾಕಾಯ್ತು. ಓಪಿಡಿ ತಡ ಆಯ್ತು ಅಂತ ಹೊರಗೆ ಗೊಣಗಿದ್ರು. ಗೊಣಗ್ಲಿ.

ಅತ್ಯಾಚಾರ ಆಗಿ ಬಂದ್ರೆ, ಪೊಲೀಸ್ ಕಂಪ್ಲೇಂಟ್ ಇಲ್ಲ ಅಂತ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ. ಖಾಸಗಿ ಆಸ್ಪತ್ರೆಯಾದ್ರೂ ದುಡ್ಡು ಕೇಳೋ ಹಾಗಿಲ್ಲ. ಎಚ್‌ಐವಿ ತಡೆಯೋ ಮಾತ್ರೆ 72 ಗಂಟೆಯೊಳಗೆ ಶುರು ಆಗ್ಬೇಕು. "ಶಿವಮೊಗ್ಗದ ದೊಡ್ಡಾಸ್ಪತ್ರೆಗೆ, ಮೆಗ್ಗಾನ್‌ಗೆ ಹೋಗಿ" ಅಂತ ಬರಿ ಚೀಟಿ ಕೊಟ್ಟು ಸಂಜೆ ಹೊತ್ತು ಕಳಿಸಿದ್ರೆ ಬಸ್ಸೆಲ್ಲಿದೆ ಹೇಳು? ಅತ್ಯಾಚಾರ ಆದವಳ ಯೋನಿಗೆ ಬೆರಳು ಹಾಕಿ, ಮೊದಲೇ ಸಂಭೋಗ ಆಗಿತ್ತಾ ಅಂತ ನೋಡೋ ಎರಡು ಬೆರಳಿನ ಪರೀಕ್ಷೆ ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಅಂತ ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿದೆ. ಅದರ ಹಿಂದಿನ ತಿಂಗಳೇ, ಗಂಡನ ಬಲವಂತದಿಂದ ನಿಂತ ಬಸಿರೂ ಗರ್ಭಪಾತದ ಕಾಯ್ದೆಯ ಮಟ್ಟಿಗೆ ಅತ್ಯಾಚಾರದ ಬಸಿರೇ ಅಂದಿತ್ತು. 24 ವಾರದವರೆಗೂ ಅವಕಾಶ ಇದೆ. 18 ದಾಟಿದವಳ ಸ್ವಂತ ಸಹಿ ಸಾಕು. ಗಂಡನ ಸಹಿ ಕೇಳೋದು ನಮ್ಮವರ ಚಾಳಿ, ಕಾನೂನಲ್ಲ.

ಪೆಟ್ಟಿನ ವಿಷಯ ಕೇಸ್ ಶೀಟಲ್ಲಿ ಅವಳ ಮಾತಲ್ಲೇ ಬರಿ, ಮುಂದೆ ಕೋರ್ಟಿಗೆ ಬೇಕಾಗುತ್ತೆ. ಮನೆಗೆ ಒಯ್ಯೋ ಚೀಟಿಯಲ್ಲಿ ಮಾತ್ರ ಬೇಡ, ಅದನ್ನ ಗಂಡ ಓದ್ತಾನೆ. 181 ಸಹಾಯವಾಣಿಯನ್ನೂ ಬರೆದುಕೊಡಬೇಡ. ಬಾಯಲ್ಲಿ ಹೇಳು, ಅವಳ ಬಾಯಲ್ಲೂ ಒಂದ್ಸಲ ಹೇಳಿಸು.

ಶಿವಮೊಗ್ಗಕ್ಕೆ ಬಂದಾಗ ಫೋನ್ ಮಾಡು. ಎಂಎಲ್‌ಸಿ (ಪೊಲೀಸು, ಕೋರ್ಟಿಗೆ ಹೋಗೋ ಕೇಸಿನ) ಫಾರಂ ತುಂಬೋದು ಹೇಗೆ ಅಂತ ಕೂತು ನೋಡೋಣ.

ನಿನ್ನ ಗೆಳತಿ