ಪೋಷಕರಿಗೆ ಪತ್ರ: ಆ ತಪ್ಪು ಪುಟ ಅಲ್ಲೇ ಇರಲಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಎಂಟನೇ ತರಗತಿಯ ಮಕ್ಕಳಿಗೆ ಮುಂದಿನ ಬುಧವಾರದಿಂದ ಒಂದು ಜೊತೆ ಕಲಿಕೆ ಗುಂಪು ಶುರು ಮಾಡುತ್ತಿದ್ದೇವೆ. ಡಿಜಿಟಲ್ ಪೋರ್ಟ್‌ಫೋಲಿಯೋ, ಅಂದರೆ ಮಗು ತನ್ನ ಕೆಲಸದ ಫೋಟೋ, ಬರಹ, ಆಡಿಯೋಗಳನ್ನು ಕಂಪ್ಯೂಟರಿನಲ್ಲಿ ಪುಟಪುಟವಾಗಿ ಜೋಡಿಸಿಡುವ ಸಂಗ್ರಹ, ಹೇಗೆ ಕಟ್ಟೋದು, ಅದರಲ್ಲಿ ಏನು ಇಡೋದು, ಏನು ಬಿಡೋದು ಅಂತ ಮಕ್ಕಳೇ ಸೇರಿ ಕಂಡುಕೊಳ್ಳುವ ಗುಂಪು ಇದು. ಮೂರು ವಾರ ಪ್ರಯೋಗ ಮಾಡಿ ನೋಡಿದ್ದೂ ಆಯಿತು. ಆ ಮೂರು ವಾರದಲ್ಲಿ ನಿಮ್ಮಲ್ಲಿ ಕೆಲವರಿಗೆ ಬೇಸರ ಆಗಿದೆ. ನಾಲ್ಕು ಪತ್ರ ಬಂದಿವೆ, ಇಬ್ಬರು ನೇರವಾಗಿ ನನ್ನ ಕೋಣೆಗೇ ಬಂದು ಮಾತಾಡಿದ್ದಾರೆ. ಬಂದು ಹೇಳಿದ್ದಕ್ಕೆ ಥ್ಯಾಂಕ್ಸ್. ಒಂದು ಸಾಲಿನ ಸುತ್ತೋಲೆ ಇದಕ್ಕೆಲ್ಲ ಸಾಲದು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಎರಡನೇ ವಾರ ಒಬ್ಬ ಹುಡುಗನ ಪುಟದ ಕೆಳಗೆ ಜೊತೆಯವನೊಬ್ಬ "ಇಷ್ಟೂ ಗೊತ್ತಿಲ್ವಾ" ಅಂತ ಕಾಮೆಂಟ್ ಹಾಕಿದ್ದ. ಆ ಸಾಲು ಎರಡು ದಿನ ಅಲ್ಲೇ ಇತ್ತು. ನಾವ್ಯಾರೂ ನೋಡಿರಲಿಲ್ಲ. ಹುಡುಗ ಮನೆಯಲ್ಲಿ ಊಟ ಬಿಟ್ಟು ಕೂತಿದ್ದ ಅಂತ ಅವನ ತಾಯಿ ಹೇಳಿದಾಗ ನನಗೆ ತುಂಬಾ ನೋವಾಯಿತು. ಇದು ಮಕ್ಕಳ ತಪ್ಪಲ್ಲ. ಕಾಮೆಂಟ್ ಹೇಗೆ ಬರೆಯಬೇಕು ಅಂತ ಹೇಳಿಕೊಡದೆ ಬರೆಯಲು ಬಿಟ್ಟದ್ದು ನಾವು. ಆ ಕುಟುಂಬದ ಹತ್ತಿರ ಕ್ಷಮೆ ಕೇಳಿದ್ದೇನೆ, ಇಲ್ಲಿ ಇನ್ನೊಮ್ಮೆ ಕೇಳುತ್ತೇನೆ. ಈಗ ಯಾವ ಕಾಮೆಂಟ್ ಆದರೂ ಗುಂಪಿನ ಶಿಕ್ಷಕರು ಓದಿದ ಮೇಲೇ ಕಾಣಿಸುತ್ತದೆ. ಮಕ್ಕಳಿಗೆ ಒಂದು ನಿಯಮವನ್ನೂ ಕೊಟ್ಟಿದ್ದೇವೆ. ಮೊದಲು "ನಾನು ಇದನ್ನು ನೋಡಿದೆ" ಅಂತ ಒಂದು ಸಾಲು, ಆಮೇಲೆ ಒಂದು ಪ್ರಶ್ನೆ. ಅಷ್ಟೇ. ತೀರ್ಪು ಕೊಡುವ ಹಾಗಿಲ್ಲ. ಬರೀ "ಸೂಪರ್" ಅಂತ ಬರೆಯುವ ಹಾಗೂ ಇಲ್ಲ, ಯಾಕಂದರೆ ಅದರಿಂದ ಆ ಮಗುವಿಗೆ ಏನೂ ತಿಳಿಯುವುದಿಲ್ಲ.

ಫೋನಿನ ವಿಷಯ ಬೇಗ ಮುಗಿಸುತ್ತೇನೆ. ಇದಕ್ಕೆ ಮನೆಯಲ್ಲಿ ಫೋನ್ ಬೇಡವೇ ಬೇಡ. ಬುಧವಾರದ ಕೊನೆಯ ಪಿರಿಯಡ್ 40 ನಿಮಿಷ. ಅದರಲ್ಲಿ ಸ್ಕ್ರೀನ್ ಮುಂದೆ ಇರುವುದು 15 ನಿಮಿಷ, ಉಳಿದದ್ದು ಮಾತು. ಟ್ಯಾಬ್ ಶಾಲೆಯದ್ದು, ನಾಲ್ಕು ಮಕ್ಕಳಿಗೆ ಒಂದು. ಮನೆಯಲ್ಲಿ ಇಂಟರ್ನೆಟ್ ಇಲ್ಲದ ಮಗು ಯಾವುದರಲ್ಲೂ ಹಿಂದೆ ಬೀಳುವುದಿಲ್ಲ.

ಫೋಟೋ, ಹೆಸರು ಎಲ್ಲಾ ಎಲ್ಲಿಗೆ ಹೋಗುತ್ತವೆ ಅಂತ ಇಬ್ಬರು ಕೇಳಿದ್ದೀರಿ. ಕೇಳಲೇಬೇಕಾದ ಪ್ರಶ್ನೆ. ನಾವು ಬಳಸುತ್ತಿರುವುದು ಮಹಾರಾ ಅನ್ನುವ ಸಾಫ್ಟ್‌ವೇರ್. 2006ರಲ್ಲಿ ನ್ಯೂಜಿಲೆಂಡಿನಲ್ಲಿ ಶುರುವಾದದ್ದು, ಪೋರ್ಟ್‌ಫೋಲಿಯೋಗಂತಲೇ ಮಾಡಿದ್ದು, ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ತಗೊಂಡು ತಮ್ಮಲ್ಲೇ ಹಾಕಿಕೊಳ್ಳಬಹುದಾದದ್ದು. ಅಲ್ಲಿನ ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಯೋಚನೆ ಅಂತ ಅರ್ಥ. ಮುಕ್ತ ತಂತ್ರಾಂಶ ಆಗಿರುವುದರಿಂದ ಅದನ್ನು ನಮ್ಮ ಶಾಲೆಯ ಸರ್ವರ್‌ನಲ್ಲೇ ಹಾಕಿಕೊಂಡಿದ್ದೇವೆ. ಹೊರಗಿನವರು ಹುಡುಕಿದರೆ ಸಿಗುವುದಿಲ್ಲ. ಜಾಹೀರಾತು ಇಲ್ಲ. ಮಗುವಿನ ಮುಖದ ಫೋಟೋ ಹಾಕುವುದಿಲ್ಲ, ಕೆಲಸದ ಫೋಟೋ ಮಾತ್ರ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಲೊಕೇಶನ್ ಆನ್ ಇದ್ದಾಗ ತೆಗೆದ ಫೋಟೋದ ಒಳಗೆ ಅದನ್ನು ಎಲ್ಲಿ ತೆಗೆದದ್ದು ಅನ್ನುವ ಮಾಹಿತಿಯೂ ಸೇರಿಕೊಂಡಿರಬಹುದು. ಶಾಲೆಯ ಟ್ಯಾಬ್‌ಗಳಲ್ಲಿ ಲೊಕೇಶನ್ ಆಫ್ ಮಾಡಿದ್ದೇವೆ. ಮಗು ಶಾಲೆ ಬಿಡುವಾಗ ಪೂರ್ತಿ ಪೋರ್ಟ್‌ಫೋಲಿಯೋವನ್ನು ಫೈಲ್ ಮಾಡಿ ಕೈಗೆ ಕೊಟ್ಟು, ನಮ್ಮಲ್ಲಿರುವುದನ್ನು ಅಳಿಸುತ್ತೇವೆ.

ಈಗ ಎಲ್ಲಕ್ಕಿಂತ ಜಾಸ್ತಿ ದೂರು ಬಂದ ವಿಷಯ. ಪೋರ್ಟ್‌ಫೋಲಿಯೋದಲ್ಲಿ ತಪ್ಪುಗಳು ಯಾಕಿವೆ?

ಒಂದು ಪುಟದ ಕಥೆಯನ್ನೇ ಹೇಳುತ್ತೇನೆ. ಆ ಹುಡುಗಿಯನ್ನೂ ಅವಳ ಅಪ್ಪ ಅಮ್ಮನನ್ನೂ ಕೇಳಿ, ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ.

ಪ್ರಯೋಗಾಲಯದಲ್ಲಿ ನೀರು ಕಾಯಿಸಿ, ಪ್ರತಿ ನಿಮಿಷಕ್ಕೊಮ್ಮೆ ತಾಪಮಾನ ಬರೆದುಕೊಳ್ಳುವ ಕೆಲಸ. ಉರಿ ಇರುವವರೆಗೂ ಬಿಸಿ ಏರುತ್ತಲೇ ಹೋಗುತ್ತದೆ ಅಂತ ಅವಳ ಲೆಕ್ಕ. ಗ್ರಾಫ್‌ನಲ್ಲಿ ಪೆನ್ಸಿಲ್‌ನಿಂದ ನೇರ ಗೆರೆಯನ್ನು ಮೊದಲೇ ಎಳೆದಿಟ್ಟುಕೊಂಡಿದ್ದಳು. ಪಾದರಸ 98 ಡಿಗ್ರಿಗೆ ಬಂದು ನಿಂತಿತು. ಒಂದು ನಿಮಿಷ, ಎರಡು ನಿಮಿಷ, ಮೂರು ನಿಮಿಷ. ಅಲ್ಲಾಡಲಿಲ್ಲ. ಅವಳು ಫೋಟೋ ತೆಗೆದು, ಕೆಳಗೆ ಬರೆದಳು: "ಥರ್ಮಾಮೀಟರ್ ಕೆಟ್ಟಿದೆ." ಬೇರೆ ಥರ್ಮಾಮೀಟರ್ ತಂದಳು. ಅದೂ ಅಲ್ಲೇ ನಿಂತಿತು. "ಇದೂ ಕೆಟ್ಟಿದೆ" ಅಂತ ಇನ್ನೊಂದು ಸಾಲು.

ಗುಂಪಿನಲ್ಲಿ ಆ ಪುಟ ನೋಡಿದ ಗೆಳತಿಯೊಬ್ಬಳು ಕೇಳಿದ ಪ್ರಶ್ನೆ ಇದು: "ಎರಡೂ ಒಂದೇ ಜಾಗದಲ್ಲಿ ಕೆಡುತ್ತಾ?"

ನಾನು ಆಗ ಬಾಗಿಲ ಹತ್ತಿರ ನಿಂತಿದ್ದೆ. ಆ ನಾಲ್ಕು ಮಕ್ಕಳು ಸುಮ್ಮನಾಗಿಬಿಟ್ಟರು. ಆಮೇಲೆ ಒಬ್ಬ, "ಹಾಗಾದ್ರೆ ಬೆಂಕಿಯ ಬಿಸಿ ಎಲ್ಲಿಗೆ ಹೋಯ್ತು?" ಅಂದ. ಇನ್ನೊಬ್ಬಳು ಆವಿಯ ಕಡೆ ಕೈ ತೋರಿಸಿದಳು. ನೀರು ಕುದಿಯುವಾಗ ಕೊಟ್ಟ ಶಾಖ ತಾಪಮಾನ ಏರಿಸುವುದಕ್ಕೆ ಹೋಗುವುದಿಲ್ಲ, ನೀರನ್ನು ಆವಿ ಮಾಡುವುದಕ್ಕೆ ಹೋಗುತ್ತದೆ ಅನ್ನುವ ಪಾಠವನ್ನು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಆ ಮಕ್ಕಳು ಅಲ್ಲಿಗೆ ತಾವಾಗಿಯೇ ಹೋಗಿ ಮುಟ್ಟಿದ್ದನ್ನು ನೋಡಿ ನನಗಾದ ಖುಷಿ ಹೇಳತೀರದು. ಹುಡುಗಿ ಅದೇ ದಿನ ಒಂದು ನಿಮಿಷದ ಆಡಿಯೋ ಸೇರಿಸಿದಳು. "ಥರ್ಮಾಮೀಟರ್ ಸರಿಯಾಗೇ ಇತ್ತು, ನನ್ನ ಗೆರೆ ತಪ್ಪಾಗಿತ್ತು" ಅಂತ ಅದು ಶುರುವಾಗುತ್ತದೆ.

ಅವಳ ಅಪ್ಪ ಪೋರ್ಟ್‌ಫೋಲಿಯೋ ನೋಡಿದ್ದು ಆ ಭಾನುವಾರ. "ಕೆಟ್ಟಿದೆ" ಅನ್ನುವ ಎರಡೂ ಸಾಲು, ಆ ಪೆನ್ಸಿಲ್ ಗೆರೆಯ ಫೋಟೋ ಅಳಿಸಿದರು. ಅದರ ಜಾಗದಲ್ಲಿ ಪುಸ್ತಕದ ಗ್ರಾಫನ್ನು ಅಂದವಾಗಿ ಬರೆದು, ಫೋಟೋ ತೆಗೆದು ಹಾಕಿದರು. ಸೋಮವಾರ ಬಂದು, "ಮಗಳು ದಡ್ಡಿ ಅಂತ ಎಲ್ಲರಿಗೂ ತೋರಿಸೋದಕ್ಕಾ ಇದು?" ಅಂತ ಕೇಳಿದರು.

ಅವರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಮಗಳ ಮೇಲಿನ ಪ್ರೀತಿಯಿಂದಲೇ ಮಾಡಿದ್ದು. ನಾವೆಲ್ಲ ಬೆಳೆದದ್ದೇ ಹಾಗೆ ಅಲ್ವಾ? ತಪ್ಪಾದರೆ ಹಾಳೆ ಹರಿದು ಇನ್ನೊಂದು ಹಾಳೆಯಲ್ಲಿ ಬರೆ ಅಂತಲೇ ನಮಗೆ ಹೇಳಿಕೊಟ್ಟದ್ದು. ಪರೀಕ್ಷೆಯ ಉತ್ತರ ಪತ್ರಿಕೆಗೆ ಆ ಮಾತು ಸರಿ. ಪೋರ್ಟ್‌ಫೋಲಿಯೋ ಉತ್ತರ ಪತ್ರಿಕೆ ಅಲ್ಲ. ಅಳಿಸಿದ ಮೇಲೆ ಆ ಪುಟದಲ್ಲಿ ಉಳಿದದ್ದು ಎಲ್ಲಾ ಪುಸ್ತಕದಲ್ಲೂ ಇರುವ ಒಂದು ಗ್ರಾಫ್. ಅಳಿಸಿಹೋದದ್ದು ಆ ಹುಡುಗಿ ಕಲಿತ ದಾರಿ. ಗೆಳತಿಯ ಪ್ರಶ್ನೆಗೂ ಅರ್ಥ ಇಲ್ಲದಂತಾಯಿತು, ಯಾಕಂದರೆ ಅವಳು ಯಾವುದರ ಬಗ್ಗೆ ಕೇಳಿದಳು ಅನ್ನುವುದೇ ಅಲ್ಲಿ ಇರಲಿಲ್ಲ.

ವಿಜ್ಞಾನಿ ಮೈಕೆಲ್ ಫ್ಯಾರಡೆ ತನ್ನ ಪ್ರಯೋಗಗಳ ಬಗ್ಗೆ ಡೈರಿಯಲ್ಲಿ ಬರೆದ ಒಂದೊಂದು ಟಿಪ್ಪಣಿಗೂ ನಂಬರ್ ಹಾಕುತ್ತಿದ್ದ. ಆ ನಂಬರ್ 16 ಸಾವಿರ ದಾಟಿದೆ. ಗುರುತ್ವಕ್ಕೂ ವಿದ್ಯುತ್ತಿಗೂ ಸಂಬಂಧ ಇರಬೇಕು ಅಂತ 1849ರಲ್ಲಿ ಏನೇನೋ ಮಾಡಿ ನೋಡಿದ. ಏನೂ ಸಿಗಲಿಲ್ಲ. ಸಿಗಲಿಲ್ಲ ಅನ್ನುವುದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಟ್ಟ, ಆಮೇಲೆ ಪ್ರಕಟಿಸಿದ ಕೂಡ. ಸ್ಕೂಲಿನಲ್ಲಿ ಜಾಸ್ತಿ ಓದದೆ, ಪುಸ್ತಕಕ್ಕೆ ಬೈಂಡ್ ಹಾಕುತ್ತಾ ಬೆಳೆದ ಹುಡುಗ ಅವನು. ನಮ್ಮ ಮಕ್ಕಳಿಗೂ ಆ ಅಭ್ಯಾಸ ಬರಲಿ ಅನ್ನುವುದು ನನ್ನ ಆಸೆ.

ತಪ್ಪು ಇದ್ದರೆ ಮಾರ್ಕ್ಸ್ ಕಡಿಮೆ ಆಗುತ್ತಾ ಅಂತ ಭಯ ಇದ್ದರೆ ಬಿಟ್ಟುಬಿಡಿ. ಪೋರ್ಟ್‌ಫೋಲಿಯೋಗೆ ಮಾರ್ಕ್ಸ್ ಇಲ್ಲ, ಗ್ರೇಡ್ ಇಲ್ಲ, ಮುಂದೆಯೂ ಇರುವುದಿಲ್ಲ. ಇದನ್ನು ಯೋಚಿಸಿಯೇ ತೀರ್ಮಾನಿಸಿದ್ದೇವೆ. 1990ರ ದಶಕದ ಶುರುವಿನಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯ ನಾಲ್ಕನೇ ಮತ್ತು ಎಂಟನೇ ತರಗತಿಯಲ್ಲಿ ಗಣಿತ ಮತ್ತು ಬರವಣಿಗೆಯ ಪೋರ್ಟ್‌ಫೋಲಿಯೋಗಳಿಗೆ ಅಂಕ ಕೊಡಲು ಹೊರಟಿತು. ಒಂದೇ ಪೋರ್ಟ್‌ಫೋಲಿಯೋಗೆ ಇಬ್ಬರು ಶಿಕ್ಷಕರು ಕೊಟ್ಟ ಅಂಕಗಳು ಎಷ್ಟೋ ಸಲ ಹೊಂದಿಕೆಯಾಗುತ್ತಿರಲಿಲ್ಲ. ಅಳತೆಗೋಲಾಗಿ ಅದು ಸೋತರೂ, ಪಾಠ ಮಾಡುವ ರೀತಿಯನ್ನು ಒಳ್ಳೆಯದಕ್ಕೆ ಬದಲಾಯಿಸಿತು ಅಂತ ಅಲ್ಲಿನ ಅನೇಕ ಶಿಕ್ಷಕರು ಹೇಳಿದರು. ನಮಗೆ ಬೇಕಾಗಿರುವುದು ಆ ಎರಡನೆಯದು ಮಾತ್ರ. ಮಾರ್ಕ್ಸ್‌ಗೆ ಪರೀಕ್ಷೆಗಳು ಇದ್ದೇ ಇವೆ.

"ನನ್ನ ಮಗ ಬೇರೆಯವರಿಗೆ ಕಲಿಸುತ್ತಾ ಕೂತರೆ ಅವನ ಓದಿನ ಗತಿ ಏನು?" ಅಂತ ಒಬ್ಬರು ಬರೆದಿದ್ದಾರೆ. ಗುಂಪಿನಲ್ಲಿ ಯಾರೂ ಯಾರಿಗೂ ಪಾಠ ಮಾಡುವುದಿಲ್ಲ. ಒಬ್ಬರ ಪುಟ ಇನ್ನೊಬ್ಬರು ಓದುತ್ತಾರೆ, ಕೇಳುತ್ತಾರೆ. ಇನ್ನೊಬ್ಬರಿಗೆ ವಿವರಿಸಿ ಹೇಳುವಾಗ ನಮಗೇ ಎಲ್ಲಿ ಗೊತ್ತಿಲ್ಲ ಅನ್ನುವುದು ಗೊತ್ತಾಗುತ್ತದೆ. ಪ್ರತಿ ಗುಂಪಿನ ಹತ್ತಿರ ಒಬ್ಬ ಶಿಕ್ಷಕರು ಇರುತ್ತಾರೆ. ಮಕ್ಕಳು ತಪ್ಪು ದಾರಿಗೇ ಹೋಗಿ ಅಲ್ಲೇ ಉಳಿದರೆ ಅವರು ಮಾತಾಡುತ್ತಾರೆ. ಅಂದ ಹಾಗೆ ಶಿಕ್ಷಕರೂ ತಮ್ಮದೇ ಪೋರ್ಟ್‌ಫೋಲಿಯೋ ಕಟ್ಟುತ್ತಿದ್ದಾರೆ. ನಾನೂ ಕಟ್ಟುತ್ತಿದ್ದೇನೆ. ಸರಿಹೋಗದ ಎರಡು ಪಾಠಗಳನ್ನು ಅದರಲ್ಲಿ ಹಾಕಿದ್ದೇನೆ, ಮಕ್ಕಳು ಓದಿ ಪ್ರಶ್ನೆ ಕೇಳಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೂ ಕೆಲವರಿಗೆ ಮನಸ್ಸು ಒಪ್ಪದಿರಬಹುದು. ಮಗುವಿನ ತಪ್ಪನ್ನು ಬೇರೆ ಮಕ್ಕಳು ನೋಡುತ್ತಾರೆ ಅನ್ನುವುದು ಸುಲಭದ ವಿಷಯ ಅಲ್ಲ, ಗೊತ್ತು. ಅದಕ್ಕೇ ಒಂದು ದಾರಿ ಇಟ್ಟಿದ್ದೇವೆ. ಯಾವ ಪುಟ ತೋರಿಸಬೇಕು, ಯಾವುದನ್ನು ತನಗಷ್ಟೇ ಇಟ್ಟುಕೊಳ್ಳಬೇಕು ಅನ್ನುವುದು ಮಗುವಿನ ಇಷ್ಟ. ನಾಚಿಕೆ ಆಗುವ ಪುಟವನ್ನು ಅದು ಬಚ್ಚಿಡಬಹುದು, ಧೈರ್ಯ ಬಂದಾಗ ತೆರೆಯಬಹುದು, ತೆರೆಯದೆಯೂ ಇರಬಹುದು. ಯಾವ ಶಿಕ್ಷಕರೂ ಒತ್ತಾಯ ಮಾಡುವುದಿಲ್ಲ. ಆದರೆ ಆ ತೀರ್ಮಾನ ಮಗುವಿನದ್ದೇ ಆಗಿರಬೇಕು. ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಈ ವಿಷಯದಲ್ಲಿ ಶಾಲೆ ಹಿಂದೆ ಸರಿಯುವುದಿಲ್ಲ.

ನೀವು ನೋಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಖಂಡಿತ ನೋಡಿ. ಮಗುವಿನ ಪಕ್ಕ ಕೂತು ನೋಡಿದರೆ ಇನ್ನೂ ಚೆನ್ನ. ನೋಡಲು ನಿಮಗೆ ಬೇರೆಯೇ ಲಾಗಿನ್ ಕೊಡುತ್ತೇವೆ. "ಇದು ಯಾಕೆ ಹೀಗಾಯ್ತು?" ಅಂತ ಕೇಳಿ, ಅವರು ಹೇಳುವುದನ್ನು ಕೇಳಿಸಿಕೊಳ್ಳಿ.

ಆ ಹುಡುಗಿಯ ಹಳೆಯ ಪುಟ ಬ್ಯಾಕಪ್‌ನಲ್ಲಿ ಸಿಕ್ಕಿತು. ಅವಳ ಅಪ್ಪ ನನ್ನ ಕೋಣೆಯಲ್ಲೇ ಕೂತು ಆಡಿಯೋ ಪೂರ್ತಿ ಕೇಳಿದರು. ಕೇಳಿ, "ಇದನ್ನ ನಾನು ತೆರೆದೇ ಇರ್ಲಿಲ್ಲ ಸರ್" ಅಂದರು. ಅವತ್ತೇ ಸಂಜೆ ಮಗಳು ಆ ಪುಟವನ್ನು ಮತ್ತೆ ಹಾಕಿದಳು. ಅಪ್ಪ ಬರೆದ ಗ್ರಾಫನ್ನೂ ತೆಗೆಯಲಿಲ್ಲ. ಅದರ ಕೆಳಗೆ "ಇದು ನಮ್ಮ ಅಪ್ಪನ ಗ್ರಾಫ್" ಅಂತ ಬರೆದಿದ್ದಾಳೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ಮಗುವಿನ ಪೋರ್ಟ್‌ಫೋಲಿಯೋದಲ್ಲಿ ನೀವಾಗಿ ಏನನ್ನೂ ತಿದ್ದಬೇಡಿ, ಅಳಿಸಬೇಡಿ.

ಒಪ್ಪಿಗೆ ಚೀಟಿ ಈ ಪತ್ರದ ಜೊತೆ ಇದೆ. ಸೋಮವಾರದೊಳಗೆ ಸಹಿ ಮಾಡಿ ಕಳಿಸಿ. ಮಗು ಗುಂಪಿಗೆ ಸೇರುವುದು ಬೇಡ ಅನ್ನಿಸಿದರೆ ಅದನ್ನೇ ಬರೆಯಿರಿ, ಆ ಪಿರಿಯಡ್‌ನಲ್ಲಿ ಗ್ರಂಥಾಲಯ ತೆರೆದಿರುತ್ತದೆ. ಮಾತಾಡಬೇಕು ಅನ್ನಿಸಿದವರು ಶುಕ್ರವಾರ ಶಾಲೆ ಬಿಟ್ಟ ಮೇಲೆ ಬನ್ನಿ, ನಾನು ಇರುತ್ತೇನೆ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕ